ತಾಟು ತಿರಗತೈತಿ, ಹಾಲು ಕಾಯವಲ್ದು

ಮೈಕ್ರೊವೇವ್ ಕಂಪನಿಯ ಕೆಲಸಕ್ಕೆ ಸೇರಿದಾಗ ಆ ಯಂತ್ರ ನಮ್ಮ ಮನೆಯಲ್ಲಿ ಇರಲಿಲ್ಲ. ನಮ್ಮ ಓಣಿಯಲ್ಲೇ ಯಾರ ಮನೆಯಲ್ಲೂ ಇರಲಿಲ್ಲ. ಹೈದರಾಬಾದಿನ ಬೇಗಂಪೇಟೆಯ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ಕಂಪನಿಯ ಸರ್ವಿಸ್ ಸೆಂಟರ್ ಇತ್ತು. ಅಲ್ಲಿನ ಮ್ಯಾನೇಜರು ಮೂರ್ತಿಗಾರು. ಸಂದರ್ಶನದಲ್ಲಿ ಅವರು ನನಗೆ ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಭಾಷೆ ಬರುತ್ತವೆ? ಅಡುಗೆ ಬರುತ್ತದೆಯೇ? ಸಿಟ್ಟು ಬೇಗ ಬರುತ್ತದೆಯೇ?

ಬೀದರ್ ಕಡೆಯಿಂದ ಬಂದು ಇಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರ ಮಗಳು ನಾನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪಕ್ಕದ ಮನೆಯವರ ಜೊತೆ ಹೈದರಾಬಾದಿ ಹಿಂದಿ, ಕಾಲೇಜಿನಲ್ಲಿ ಅಷ್ಟಿಷ್ಟು ಇಂಗ್ಲಿಷು. ನಾಲ್ಕು ಭಾಷೆ ಎಂದೆ. ಅಡುಗೆ ಬರುತ್ತದೆ ಎಂದೆ. ಸಿಟ್ಟು ಬರುವುದೇ ಇಲ್ಲ ಎಂದೆ.

"ಮೂರನೆಯದು ಸುಳ್ಳು. ಆದರೂ ಸೋಮವಾರದಿಂದ ಬನ್ನಿ," ಎಂದರು ಮೂರ್ತಿಗಾರು.

ಈಗ ಇದೇ ಕೆಲಸಕ್ಕೆ ಸೇರಿರುವ ನನ್ನ ತಂಗಿಯ ಮಗಳು, "ದೊಡ್ಡವ್ವಾ, ಎಷ್ಟು ಎರರ್ ಕೋಡ್ ಬಾಯಿಪಾಠ ಮಾಡಬೇಕು?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಂತ್ರ ಕೆಟ್ಟಾಗ ಅದರ ಮುಖದ ಮೇಲೆ ಮೂಡುವ ಆ ಕೋಡುಗಳು ಎರಡು ವಾರದಲ್ಲಿ ಬಂದುಬಿಡುತ್ತವೆ. ಫೋನಿನ ಆ ಕಡೆಯಿಂದ ಮನುಷ್ಯರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವುದು ನನಗೆ ಬರಲು ಎಷ್ಟೋ ವರ್ಷ ಹಿಡಿಯಿತು.

ಮೊದಲಿಗೆ ನನ್ನದು ಮನೆಮನೆಗೆ ಹೋಗಿ ತೋರಿಸಿಕೊಡುವ ಕೆಲಸ. ಯಾರಾದರೂ ಯಂತ್ರ ಕೊಂಡರೆ ಎರಡು ದಿನ ಬಿಟ್ಟು ನಾನು ಚೀಲ ಹಿಡಿದು ಹೋಗಬೇಕು. ಯಾವ ಗುಂಡಿ ಯಾವುದಕ್ಕೆ, ಸ್ಟೀಲ್ ಪಾತ್ರೆ ಯಾಕೆ ಇಡಬಾರದು, ಬರೀ ಬಿಸಿ ಮಾಡುವುದಕ್ಕೂ ಗ್ರಿಲ್ ಮಾಡುವುದಕ್ಕೂ ವ್ಯತ್ಯಾಸವೇನು, ಎಲ್ಲ ಮಾಡಿ ತೋರಿಸಬೇಕು. ಸೇರಿದ ಹತ್ತು ದಿನಕ್ಕೇ ಒಬ್ಬ ನಿವೃತ್ತ ಇಂಜಿನಿಯರರ ಮನೆಗೆ ಹೋದೆ. ಅವರ ಹೆಂಡತಿ ನೋಡಲೆಂದು ಅಕ್ಕಪಕ್ಕದ ಎಂಟೊಂಬತ್ತು ಹೆಂಗಸರನ್ನು ಕರೆದಿದ್ದರು. ಜನ ಕಂಡು ನನಗೆ ಹುರುಪು ಬಂತು. ಕಂಪನಿ ಹೇಳಿಕೊಟ್ಟಿದ್ದ ಕೇಕು ಬಿಟ್ಟು, ಬದನೆಕಾಯಿ ಸುಟ್ಟು ಭರ್ತಾ ಮಾಡಿ ತೋರಿಸುತ್ತೇನೆ ಎಂದೆ.

"ಒಲೆ ಬೇಡ, ಹೊಗೆ ಬೇಡ, ಕೈ ಕಪ್ಪಾಗುವುದಿಲ್ಲ," ಎಂದು ಅವರಿಗೆ ಅರ್ಥವಾಗುವ ತೆಲುಗಿನಲ್ಲಿ ಭಾಷಣ ಬಿಗಿಯುತ್ತ ದೊಡ್ಡದೊಂದು ಗುಂಡು ಬದನೆಕಾಯಿಗೆ ಎಣ್ಣೆ ಸವರಿ ಒಳಗಿಟ್ಟೆ. ಸಿಪ್ಪೆ ಇರುವ ಕಾಯಿಗೆ ಚುಚ್ಚಿ ತೂತು ಮಾಡಬೇಕೆಂಬುದನ್ನೇ ಮರೆತಿದ್ದೆ. ನಾಲ್ಕನೆಯ ನಿಮಿಷಕ್ಕೆ ಢಬ್ ಎಂದು ಸದ್ದಾಗಿ ಬಾಗಿಲು ತಾನೇ ತೆರೆದುಕೊಂಡಿತು. ಒಳಗೆ ನಾಲ್ಕೂ ಗೋಡೆಗೆ ಬದನೆಕಾಯಿ, ಹೊರಗೆ ನನ್ನ ಸೀರೆಗೂ ಒಂದಿಷ್ಟು.

ಒಬ್ಬ ಅಜ್ಜಿ ನಿಧಾನಕ್ಕೆ ಕೇಳಿದರು: "ಇದು ಅಡುಗೆ ಮಷೀನಾ, ದೀಪಾವಳಿ ಮಷೀನಾ?"

ಅರ್ಧ ಗಂಟೆ ಒರೆಸಿ, ಮುಖ ಎತ್ತದೆ ಹೊರಗೆ ಬಂದೆ. ಕಚೇರಿಯಲ್ಲಿ ಮೂರ್ತಿಗಾರು ನಡೆದದ್ದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೇಳಿದರು: "ಯಾಕೆ ಸಿಡಿಯಿತು ಅಂತ ಅವರಿಗೆ ಹೇಳಿ ಬಂದಿರಾ?"

"ಇಲ್ಲ ಸರ್, ಓಡಿ ಬಂದೆ."

"ನಾಳೆ ಮತ್ತೆ ಹೋಗಿ. ಒಂದು ಬದನೆಕಾಯಿ, ಒಂದು ಫೋರ್ಕು ತಗೊಂಡು ಹೋಗಿ."

ಹೋದೆ. ಆ ಅಜ್ಜಿ ಬಾಗಿಲ ಹೊರಗೇ ನಿಂತು ನೋಡಿದರು. ಈ ಸಲ ಕಾಯಿ ಮೆತ್ತಗೆ ಬೆಂದು ಬಂತು. ತಪ್ಪು ಮಾಡಿದ ಮನೆಗೆ ಎರಡನೆಯ ಸಲ ಹೋಗುವುದಿದೆಯಲ್ಲ, ಅದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ನನಗೆ ಮೂರ್ತಿಗಾರು ಕಲಿಸಿದರು.

ಕೆಲವು ವರ್ಷಗಳ ಮೇಲೆ ಯಂತ್ರಗಳು ಹೆಚ್ಚಾದವು, ದೂರುಗಳೂ ಹೆಚ್ಚಾದವು, ನನ್ನನ್ನು ಫೋನಿನ ಮೇಜಿಗೆ ಹಾಕಿದರು. ಒಂದು ಉದ್ದನೆಯ ರಿಜಿಸ್ಟರು, ಎರಡು ಫೋನು. ಕಂಪನಿಯ ಪುಸ್ತಕದಲ್ಲಿ ಕೋಡುಗಳ ಅರ್ಥ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನೇ ಒಂದು ನೋಟುಪುಸ್ತಕ ಮಾಡಿಕೊಂಡೆ. SE ಎಂದು ಬಂದರೆ ಯಾವುದೋ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡಿದೆ, ಜಿಡ್ಡೋ ಹಬೆಯೋ ಸೇರಿದೆ ಎಂದರ್ಥ. ಕೇಳಬೇಕಾದದ್ದು: "ಯಂತ್ರದ ಪಕ್ಕ ಕುಕ್ಕರ್ ಇಡ್ತೀರೇನು?" ಹತ್ತರಲ್ಲಿ ಎಂಟು ಮನೆಯವರು ಹೌದೆನ್ನುತ್ತಿದ್ದರು. ಪ್ಲಗ್ಗು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ದಿನ ಆರಲು ಬಿಡಿ ಎನ್ನುತ್ತಿದ್ದೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು.

ಒಬ್ಬರು ವಕೀಲರಿದ್ದರು. ವಾರಕ್ಕೊಮ್ಮೆ ಫೋನು ಮಾಡಿ, "ನಾಲ್ಕು ಸೊನ್ನೆ ಬಂದಿವೆ, ಮಿಣಮಿಣ ಅಂತಿವೆ, ಇದು ಯಾವ ಕೋಡು?" ಎಂದು ಗದರುತ್ತಿದ್ದರು. ಪುಸ್ತಕದಲ್ಲಿ ನಾಲ್ಕು ಸೊನ್ನೆಯ ಕೋಡು ಇರಲೇ ಇಲ್ಲ. ಮೂರನೆಯ ವಾರ ನನಗೆ ಹೊಳೆಯಿತು. "ಸಾಹೇಬ್ರ, ನಿಮ್ಮ ಕಡೆ ಕರೆಂಟ್ ಹೋಗಿ ಬಂತೇನ್ರೀ?" ಎಂದು ಕೇಳಿದೆ. ಹೌದಂತೆ. ಗಡಿಯಾರ ಅಳಿಸಿಹೋಗಿತ್ತು, ಅಷ್ಟೇ. ವೇಳೆ ಹಾಕುವುದನ್ನು ಹೇಳಿಕೊಟ್ಟೆ. ಮುಂದಿನ ವಾರ ಮತ್ತೆ ಫೋನು: "ಸೊನ್ನೆ ಹೋದವು. ಆದರೆ ಗಡಿಯಾರ ಎರಡು ನಿಮಿಷ ಹಿಂದಿದೆ."

ಖಲೀಲ್ ಭಾಯ್ ನಮ್ಮ ಹಿರಿಯ ಮೆಕ್ಯಾನಿಕ್. ಕೈ ಬಹಳ ಶುದ್ಧ. ಯಂತ್ರದ ಮೇಲಿನ ಡಬ್ಬಿ ಬಿಚ್ಚಿದ ಕೂಡಲೇ ಒಳಗಿನ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿ, ಆಮೇಲೆಯೇ ಬೆರಳಿಡುತ್ತಿದ್ದರು. "ಆಪಾ, ಪ್ಲಗ್ಗು ತೆಗೆದರೂ ಇದು ಕಚ್ಚುತ್ತದೆ," ಎಂದು ಹೊಸಬರಿಗೂ ಕೇಳಲೆಂದು ನನಗೆ ಹೇಳುತ್ತಿದ್ದರು. ಆಪಾ ಎಂದರೆ ಅಕ್ಕ. ಅವರು ನನಗಿಂತ ಆರು ವರ್ಷ ದೊಡ್ಡವರು, ಆದರೂ ನಾನು ಅವರಿಗೆ ಅಕ್ಕ.

ಇಂಥ ಖಲೀಲ್ ಭಾಯ್ ಒಂದು ಯಂತ್ರದ ಮುಂದೆ ಸೋತಿದ್ದರು. ಕೋಠಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಂದು ಕನ್ನಡದ ಮನೆ. ಯಂತ್ರ ಹೊಸದು, ಯಂತ್ರ ಮಾರುವ ಅಂಗಡಿಯ ಕಪಾಟಿನಲ್ಲಿ ಪ್ರದರ್ಶನಕ್ಕೆ ಇಟ್ಟದ್ದನ್ನು ಕೊಂಡಿದ್ದರು. ದೀಪ ಹತ್ತುತ್ತದೆ, ಗಾಜಿನ ತಾಟು ತಿರುಗುತ್ತದೆ, ಬಿಸಿ ಮಾತ್ರ ಆಗುವುದಿಲ್ಲ. ಖಲೀಲ್ ಭಾಯ್ ಹೋಗಿ ಬಿಸಿ ಮಾಡುವ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಬದಲಿಸಿ ಬಂದರು. ಕಾಯಲಿಲ್ಲ. ಟ್ರಾನ್ಸ್‌ಫಾರ್ಮರ್ ಬದಲಿಸಿದರು. ಕಾಯಲಿಲ್ಲ. ಮನೆಯ ಯಜಮಾನರು ಯಂತ್ರವನ್ನು ಆಟೋದಲ್ಲಿ ತಂದು ನಮ್ಮ ಬಾಗಿಲಲ್ಲೇ ಒಗೆಯುತ್ತೇನೆ ಎಂದರು. ಖಲೀಲ್ ಭಾಯ್ ಆ ದಿನ ಊಟ ಮಾಡಲಿಲ್ಲ.

ಮರುದಿನ ಆ ಮನೆಯ ಅಜ್ಜಿ ನೀಲವ್ವ ತಾವೇ ಫೋನು ಮಾಡಿದರು. ಯಜಮಾನರ ತಾಯಿ, ಎಂಬತ್ತರ ಹತ್ತಿರದವರು.

"ತಂಗಿ, ಕನ್ನಡದಾಕಿ ಏನವಾ ನೀನು? ಚಲೋ ಆತು. ನನ್ನ ಮಗಾ ಬರೇ ಒದರತಾನ. ನಾ ಸಾವಕಾಶ ಹೇಳತೀನಿ, ಕೇಳು."

"ಹೇಳ್ರಿ ಅಮ್ಮಾ."

"ತಾಟು ತಿರಗತೈತಿ, ಹಾಲು ಕಾಯವಲ್ದು. ಅದು ಎಲ್ಲಾರೂ ಹೇಳ್ಯಾರ. ಇನ್ನೊಂದು ಐತಿ, ಯಾರೂ ಕೇಳವಲ್ರು. ಅದರಾಗಿನ ನಿಮಿಷ ಭಾಳ ಸಣ್ಣವು ಅದಾವ."

"ಸಣ್ಣವು ಅಂದ್ರ?"

"ನಾ ದಿನಾ ಶಿವಾ ಶಿವಾ ಅಂತ ಜಪಾ ಮಾಡತೀನಿ. ಒಂದ ನಿಮಿಷಕ್ಕ ಎಷ್ಟ ಆಗತಾವ ಅಂತ ನನಗ ಗೊತ್ತೈತಿ. ಈ ಪೆಟಗಿ ಒಂದ ನಿಮಿಷ ಅಂತ ತೋರಿಸಿ, ನಾ ಹತ್ತ ಸಲ ಶಿವಾ ಅನ್ನೂದ್ರಾಗ ಕೂಂಯ್ ಅಂತ ಕೂಗಿ ಮುಗಿಸಿಬಿಡತೈತಿ. ಸುಳ್ಳ ನಿಮಿಷ ಅವು."

ನಾನು ಎದ್ದು ನಿಂತೆ. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದೇ ಈ ಯಂತ್ರಗಳಲ್ಲಿ ಒಂದು ಗುಟ್ಟಿನ ಏರ್ಪಾಟು ಇರುತ್ತದೆ. ಡೆಮೊ ಎನ್ನುತ್ತಾರೆ. ಅದರಲ್ಲಿ ಎಲ್ಲ ನಡೆದಂತೆ ಕಾಣುತ್ತದೆ, ಬಿಸಿ ಹುಟ್ಟುವುದಿಲ್ಲ. ನಮ್ಮ ಆ ಮಾದರಿಯಲ್ಲಿ ಎಣಿಕೆಯೂ ಬೇಗ ಓಡುತ್ತಿತ್ತು. ಮಾರುವಾಗ ಅದನ್ನು ತೆಗೆಯಲು ಅಂಗಡಿಯವರು ಮರೆತಿದ್ದರು. ಯಾವ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂದು ನೀಲವ್ವನವರಿಗೆ ಹೇಳಿದೆ. ಅವರು ಫೋನು ಪಕ್ಕಕ್ಕಿಟ್ಟು ಹೋದರು. ಒಂದು ನಿಜವಾದ ನಿಮಿಷ ಕಳೆಯಿತು. ಆಮೇಲೆ ಆ ಕಡೆಯಿಂದ ಕೂಗು: "ಏ ತಂಗಿ, ಹಾಲು ಉಕ್ಕಿತ ನೋಡವಾ!"

ಖಲೀಲ್ ಭಾಯಿಗೆ ಹೇಳಿದೆ. ಅವರು ಬ್ಯಾಗು ತೆಗೆದುಕೊಂಡು ಕೋಠಿಗೆ ಹೋಗಿ, ಸುಮ್ಮನೆ ಬದಲಿಸಿದ್ದ ಎರಡೂ ಸಾಮಾನು ತೆಗೆದು ಹಳೆಯವನ್ನೇ ಮತ್ತೆ ಕೂರಿಸಿ, ನೀಲವ್ವನವರ ಕೈಯ ಬಿಸಿ ಹಾಲು ಕುಡಿದು ಬಂದರು.

ಮೂರ್ತಿಗಾರು ನಿವೃತ್ತರಾದ ಮೇಲೆ ರಿಜಿಸ್ಟರು ಹೋಯಿತು, ಕಂಪ್ಯೂಟರ್ ಬಂತು. ಹೊಸ ಮ್ಯಾನೇಜರ್ ಮೆಹ್ತಾ, ಮೂವತ್ತರ ಆಸುಪಾಸಿನ ಚುರುಕು ಮನುಷ್ಯ. ಪ್ರತಿ ಕರೆಗೆ ಮೂರು ನಿಮಿಷ. ಪರದೆಯ ಮೇಲೆ ಬರುವ ಸಾಲುಗಳನ್ನು ಓದಬೇಕು, ಕೋಡು ಬರೆದುಕೊಳ್ಳಬೇಕು, "ನಲವತ್ತೆಂಟು ಗಂಟೆಯೊಳಗೆ ನಮ್ಮವರು ಬರುತ್ತಾರೆ" ಎಂದು ಇಟ್ಟುಬಿಡಬೇಕು. ಕುಕ್ಕರ್ ಪಕ್ಕದಲ್ಲಿದೆಯೇ ಎಂದು ಕೇಳುವ ಸಾಲು ಅಲ್ಲಿರಲಿಲ್ಲ. ಮೆಹ್ತಾ ಕೆಟ್ಟವರೇನಲ್ಲ. ಕರೆಗಳು ದಿನಕ್ಕೆ ನೂರು ದಾಟಿದಾಗ ಅವರ ಪದ್ಧತಿ ಇಲ್ಲದಿದ್ದರೆ ನಾವು ಮುಳುಗಿಹೋಗುತ್ತಿದ್ದೆವು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನನ್ನ ಕರೆಗಳು ಉದ್ದವಾಗುತ್ತಿದ್ದವು. ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. ಮೂರನೆಯದಕ್ಕೆ ನೋಟಿಸಿನ ಕಾಗದ ಕೊಡುತ್ತೇನೆ ಎಂದಿದ್ದರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹನ್ನೊಂದೂವರೆಗೆ ನಾಚಾರಂನಿಂದ ಫೋನು ಬಂತು. ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸದವರ ಪ್ಲಾಸ್ಟಿಕ್ ಊಟದ ಡಬ್ಬಿ ಬಿಸಿ ಮಾಡಿಕೊಡುವ ಹೆಂಗಸು. ಹೆಸರು ಯಾದಮ್ಮ. ಯಾರದೋ ಮೊಬೈಲಿನಿಂದ, ಯಂತ್ರದ ಬದಿಗೆ ಅಂಟಿಸಿದ್ದ ನಂಬರು ನೋಡಿ ಮಾಡಿದ್ದಳು. ತೆಲುಗಿನಲ್ಲಿ ಕೇಳಿದಳು:

"ಅಮ್ಮಾ, ಬಿಸಿಯಾದ ಡಬ್ಬಿ ತೆಗೆಯಲು ಕೈ ಹಾಕಿದರೆ ಬೆರಳು ಒಳಗಿನಿಂದ ಉರಿದ ಹಾಗೆ ಆಗುತ್ತದೆ. ಹೀಗೆ ಆಗುತ್ತದಾ?"

"ಡಬ್ಬಿ ಮುಟ್ಟಿ ಸುಟ್ಟಿತಾ?"

"ಇಲ್ಲಮ್ಮಾ. ಡಬ್ಬಿ ಮುಟ್ಟುವ ಮೊದಲೇ."

ಪರದೆಯ ಸಾಲು ಕೋಡು ಏನೆಂದು ಕೇಳು ಎನ್ನುತ್ತಿತ್ತು. ನಾನು ಅದನ್ನು ಬಿಟ್ಟು, "ಬಾಗಿಲು ತೆಗೆದಾಗ ಯಂತ್ರದ ಸದ್ದು ನಿಲ್ಲುತ್ತದಾ?" ಎಂದು ಕೇಳಿದೆ.

"ಇಲ್ಲ. ನಿನ್ನೆ ಬಾಗಿಲ ಕೊಕ್ಕೆ ಮುರಿಯಿತು. ಮುಚ್ಚಿದರೂ ಬಾಗಿಲು ತೆರೆದಿದೆ ಅಂತ ಇಂಗ್ಲಿಷಿನಲ್ಲಿ ಬರುತ್ತಿತ್ತಂತೆ. ನಮ್ಮ ಎಲೆಕ್ಟ್ರಿಷಿಯನ್ ಈಗ ಕಡ್ಡಿ ತುರುಕಿ ಸರಿ ಮಾಡಿದ. ಬಾಗಿಲು ತೆಗೆದರೂ ನಡೆಯುತ್ತದೆ."

ಈ ಯಂತ್ರದ ಬಾಗಿಲು ತೆರೆದ ಕ್ಷಣ ಅಲೆ ನಿಲ್ಲಲೇಬೇಕು. ನಿಲ್ಲದಿದ್ದರೆ ಅದಕ್ಕೆ ಅನ್ನ ಯಾವುದು, ಬೆರಳು ಯಾವುದು, ಕಣ್ಣು ಯಾವುದು ಎಂಬ ಭೇದವಿಲ್ಲ. ಬೆಂಕಿಯಾದರೆ ಕಾಣುತ್ತದೆ, ಇದು ಕಾಣುವುದೂ ಇಲ್ಲ.

"ಯಾದಮ್ಮಾ, ಗೋಡೆಯಲ್ಲಿರುವ ಸ್ವಿಚ್ಚು ಮೊದಲು ಆರಿಸು. ಪ್ಲಗ್ಗು ಕಿತ್ತುಬಿಡು. ಫೋನು ಇಡಬೇಡ."

ಕಿತ್ತೆ ಎಂದಳು. ಎಷ್ಟು ಡಬ್ಬಿ ಬಿಸಿ ಮಾಡಿದೆ ಎಂದು ಕೇಳಿದೆ. ಎರಡೇ ಎಂದಳು. ಇನ್ನು ಮೂವತ್ತು ಬಾಕಿ. ಅಷ್ಟರಲ್ಲಿ ಫೋನು ಅಲ್ಲಿನ ಸೂಪರ್‌ವೈಜರನ ಕೈಗೆ ಹೋಯಿತು. ಹನ್ನೆರಡೂವರೆಗೆ ಊಟದ ಬೆಲ್ಲು, ಕೊಕ್ಕೆ ಹಾಕಲು ನೀವು ಎರಡು ದಿನ ತೆಗೆದುಕೊಳ್ಳುತ್ತೀರಿ, ಅಲ್ಲಿಯತನಕ ನಮ್ಮವರು ತಣ್ಣನೆ ಅನ್ನ ತಿನ್ನಬೇಕೇ ಎಂದು ಕೂಗಿದ. ಆ ಯಂತ್ರ ಹಚ್ಚಿದರೆ ಆ ಹೆಂಗಸಿನ ಕಣ್ಣು ಹೋಗಬಹುದು ಎಂದೆ. "ನೀವು ಕಂಪನಿಯವರು ಹೆದರಿಸುವುದೇ ಹೀಗೆ," ಎಂದು ಫೋನು ಕಟ್ಟು ಮಾಡಿದ. ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ.

ಮೆಹ್ತಾ ಆ ಹೊತ್ತಿಗೆ ಯಾವುದೋ ಮೀಟಿಂಗಿಗೆ ಹೋಗಿದ್ದರು. ನಾನು ಖಲೀಲ್ ಭಾಯಿಯ ಹತ್ತಿರ ಓಡಿದೆ. ಅವರು ಬೇರೊಂದು ಯಂತ್ರ ಬಿಚ್ಚಿಕೊಂಡು ಕೂತಿದ್ದರು. ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಕಾರ್ಖಾನೆಯ ವಿಳಾಸ, ಯಂತ್ರದ ಮಾದರಿ ಕಂಪ್ಯೂಟರಿನಲ್ಲಿದ್ದವು.

"ಚಲೋ ಆಪಾ, ಹೋಗೋಣ," ಎಂದು ಎದ್ದರು. ಹೊಸ ಕೊಕ್ಕೆ ಇದ್ದ ಬಾಗಿಲೊಂದನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಲವತ್ತೆಂಟು ವರ್ಷದ ನಾನು ಮೈಕ್ರೊವೇವಿನ ಬಾಗಿಲು ತಬ್ಬಿಕೊಂಡು ಅವರ ಸ್ಕೂಟರಿನ ಹಿಂದೆ ಕೂತೆ. ಸಿಕಂದರಾಬಾದ್ ದಾಟಿ ತಾರ್ನಾಕಾ ಬರುವವರೆಗೆ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಮೂವತ್ತು ಜನ ಹಸಿದವರು, ಗದರುವ ಸೂಪರ್‌ವೈಜರು. ಯಾದಮ್ಮನ ಜಾಗದಲ್ಲಿ ನಾನಾಗಿದ್ದರೆ ಮತ್ತೆ ಪ್ಲಗ್ಗು ಹಾಕುತ್ತಿರಲಿಲ್ಲವೇ? ಮುಖವೇ ನೋಡದ ಯಾರೋ ಫೋನಿನಲ್ಲಿ ಹೇಳಿದ ಮಾತಿಗೆ ಎಷ್ಟು ಬೆಲೆ?

ನಾವು ತಲುಪಿದಾಗ ಹನ್ನೆರಡೂವರೆ ದಾಟಿತ್ತು. ಊಟದ ಶೆಡ್ಡಿನಲ್ಲಿ ಗದ್ದಲ. ಗಂಡಸರು ಡಬ್ಬಿ ಹಿಡಿದು ಸುತ್ತ ನಿಂತಿದ್ದರು. ಮಧ್ಯದಲ್ಲಿ ನೆಲದ ಮೇಲೆ, ಯಂತ್ರಕ್ಕೆ ಬೆನ್ನು ಕೊಟ್ಟು, ಅದರ ವೈರನ್ನು ಮುಂಗೈಗೆ ಬಳೆಯ ಹಾಗೆ ಸುತ್ತಿಕೊಂಡು, ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು ಒಬ್ಬ ಹೆಂಗಸು ಕೂತಿದ್ದಳು. ಸಣ್ಣ ಆಳು. ಸೂಪರ್‌ವೈಜರು ಅವಳ ಮುಂದೆ ನಿಂತು ಕೆಲಸದಿಂದ ತೆಗೆಯುತ್ತೇನೆ ಎನ್ನುತ್ತಿದ್ದ.

"ಯಾದಮ್ಮಾ," ಎಂದೆ.

ನನ್ನ ದನಿ ಕೇಳಿ ತಲೆ ಎತ್ತಿದಳು. "ಬಂದಿರಾ ಅಮ್ಮಾ? ನೀವು ಹೇಳಿದಿರಿ ಅಂತ ಕೂತೆ. ಬೇಗ ಹೇಳಿ ಇವರಿಗೆ, ನನ್ನ ಮಾತು ಕೇಳುತ್ತಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಖಲೀಲ್ ಭಾಯ್ ಯಂತ್ರದ ಹತ್ತಿರ ಕೂತರು. ಬಾಗಿಲ ಚೌಕಟ್ಟಿನ ಎರಡು ಸೀಳಿನಿಂದ ಎರಡು ಬಿದಿರು ಕಡ್ಡಿ ಎಳೆದು ತೆಗೆದು ಸೂಪರ್‌ವೈಜರನ ಅಂಗೈಯಲ್ಲಿಟ್ಟರು. "ಸಾಬ್, ಈ ಕಡ್ಡಿ ಇದ್ದಾಗ ನೀವು ಕೈ ಹಾಕುತ್ತೀರಾ? ಹಾಕುತ್ತೇನೆ ಅಂದರೆ ಹೇಳಿ, ಮತ್ತೆ ತುರುಕುತ್ತೇನೆ." ಅವನು ಕಡ್ಡಿ ನೋಡಿದ, ಯಾದಮ್ಮನ ಬೆರಳು ನೋಡಿದ. ಬೆರಳ ತುದಿಗಳು ಕೆಂಪಾಗಿದ್ದವು. ಅವನ ದನಿ ಇಳಿಯಿತು. ತನ್ನದೇ ಮೋಟಾರ್ ಸೈಕಲ್ಲಿನಲ್ಲಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮುಲಾಮು ಸಾಕು, ಕಣ್ಣಿಗೆ ಏನೂ ಆಗಿಲ್ಲ ಎಂದರಂತೆ. ಅವರು ಮರಳುವಷ್ಟರಲ್ಲಿ ಖಲೀಲ್ ಭಾಯ್ ಹೊಸ ಬಾಗಿಲು ಕೂರಿಸಿದ್ದರು, ನಾನು ಹತ್ತು ಡಬ್ಬಿ ಬಿಸಿ ಮಾಡಿಕೊಟ್ಟಿದ್ದೆ. ಉಳಿದವರು ತಣ್ಣಗೇ ಉಂಡಿದ್ದರು.

ಮರುದಿನ ಮೆಹ್ತಾ ಒಳಗೆ ಕರೆದರು. ಹೇಳದೆ ಕೇಳದೆ ಕುರ್ಚಿ ಬಿಟ್ಟು ಹೋಗಿದ್ದಕ್ಕೆ ವಿವರಣೆ ಬರೆದುಕೊಡಿ ಎಂದರು. ಎರಡು ಪುಟ ಬರೆದೆ. ಖಲೀಲ್ ಭಾಯ್ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಮೆಹ್ತಾ ಅದನ್ನು ಓದಿದರು. ಮಧ್ಯಾಹ್ನ ಕಾರು ತೆಗೆದುಕೊಂಡು ಒಬ್ಬರೇ ನಾಚಾರಂಗೆ ಹೋದರು. ಸಂಜೆ ಬಂದು ನನ್ನ ಮೇಜಿನ ಪಕ್ಕ ನಿಂತು, "ಮೇಡಂ, ಬಾಗಿಲಿನ ಆ ಪ್ರಶ್ನೆಯನ್ನು ತೆಲುಗು, ಹಿಂದಿ, ಕನ್ನಡ ಮೂರೂ ಭಾಷೆಯಲ್ಲಿ ಬರೆದುಕೊಡಿ. ಪರದೆಯ ಮೊದಲ ಸಾಲು ಅದೇ ಆಗಲಿ," ಎಂದರು. ಹೋಗುವಾಗ ತಿರುಗಿ, "ನಿನ್ನೆಯದು ಅರ್ಧ ದಿನದ ರಜೆ ಅಂತ ಹಾಕಿದ್ದೇನೆ. ನಿಯಮ ನಿಯಮವೇ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ರಜೆ ಮಾತ್ರ ವಾಪಸು ಕೊಡಲಿಲ್ಲ.

ತಿಂಗಳು ಕಳೆದ ಮೇಲೆ ಯಾದಮ್ಮನ ಫೋನು ಬಂತು. ಈಗ ಆ ಯಂತ್ರವನ್ನು ಅವಳನ್ನು ಕೇಳದೆ ಯಾರೂ ಮುಟ್ಟುವುದಿಲ್ಲವಂತೆ. ಮುಂಚೆಯೂ ಎರಡು ಸಲ ಫೋನು ಮಾಡಿ ಒಂದೊಂದು ಗುಂಡಿಯ ಚಿತ್ರವನ್ನೂ ವರ್ಣಿಸಿ, ಅದು ಯಾತಕ್ಕೆಂದು ತಿಳಿದುಕೊಂಡಿದ್ದಳು. ಈ ಸಲ ಕೇಳಿದ್ದು ಬೇರೆ.

"ಅಮ್ಮಾ, ಪಕ್ಕದ ಕಾರ್ಖಾನೆಯವರು ಕರೆದರು. ಅವರ ಯಂತ್ರ ಏನು ಒತ್ತಿದರೂ ಉಸಿರೆತ್ತುತ್ತಿರಲಿಲ್ಲ. ಮೂಲೆಯಲ್ಲಿ ಬೀಗದ ಚಿತ್ರ ಇತ್ತು. ಮಕ್ಕಳು ಮುಟ್ಟದ ಹಾಗೆ ಹಾಕುವ ಬೀಗ ಅಂತ ನೀವು ಹೇಳಿದ್ದಿರಲ್ಲ? ಮೊದಲು ಬಾಗಿಲು ತೆಗೆದು ಮುಚ್ಚಿ, ಕೊಕ್ಕೆ ಸರಿ ಇದೆಯಾ ನೋಡಿದೆ. ಆಮೇಲೆ ನಿಲ್ಲಿಸುವ ಗುಂಡಿಯನ್ನು ಒತ್ತಿ ಹಿಡಿದು ಮನಸ್ಸಿನಲ್ಲೇ ಐದು ಎಣಿಸಿದೆ. ಬೀಗ ಹೋಯಿತು. ಸರಿಯಾಗಿ ಮಾಡಿದೆನಾ?"

"ಸರಿಯಾಗಿ ಮಾಡಿದೆ ಯಾದಮ್ಮಾ."

ಕಂಪ್ಯೂಟರಿನಲ್ಲಿ ಹೊಸ ದೂರಿನ ಪುಟ ತೆರೆದೆ. ಊರು ನಾಚಾರಂ. ತೊಂದರೆ, ಬೀಗ ಬಿದ್ದಿತ್ತು. ಸ್ಥಿತಿ, ಸರಿಯಾಗಿದೆ. ದುರಸ್ತಿ ಮಾಡಿದವರ ಹೆಸರು ಎಂದಿದ್ದ ಜಾಗದಲ್ಲಿ ಯಾದಮ್ಮ ಎಂದು ಬರೆದು, ಸೇವ್ ಗುಂಡಿ ಒತ್ತಿದೆ.